ಅಪ್ಪು ಘರ್‌ನ ಹಡಗನ್ನು ನಾನು ಹತ್ತಲೇ ಇಲ್ಲ

(ಚರ್ಚಿನ ಭಾನುವಾರ ಶಾಲೆಯ ಶಿಕ್ಷಕರು ಮತ್ತು ಯುವಜನ ಮುಖಂಡರ ತರಬೇತಿ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)

ಅಪ್ಪು ಅಂದ ಕೂಡಲೇ ನಿಮಗೆ ಯಾರು ನೆನಪಾಗುತ್ತಾರೆ ಅಂತ ಕೇಳುವುದೇ ಬೇಡ. ಪುನೀತ್ ರಾಜ್‌ಕುಮಾರ್. ನನಗೂ ಹಾಗೇ. ಆದರೆ ಅವರಿಗಿಂತ ಮೊದಲೇ ನನ್ನ ತಲೆಯೊಳಗೆ ಇನ್ನೊಬ್ಬ ಅಪ್ಪು ಬಂದು ಕೂತಿದ್ದ. ಅವನೊಂದು ಆನೆಮರಿ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ಆಯಿತಲ್ಲ, ಅದರ ಲಾಂಛನ. ಎರಡು ವರ್ಷ ಕಳೆದು 1984ರ ನವೆಂಬರ್ 19ರಂದು ಪ್ರಗತಿ ಮೈದಾನದಲ್ಲಿ ಅವನ ಹೆಸರಿನ ಪಾರ್ಕು ತೆರೆಯಿತು. ಅಪ್ಪು ಘರ್. ನಮ್ಮ ದೇಶದ ಮೊದಲ ಅಮ್ಯೂಸ್‌ಮೆಂಟ್ ಪಾರ್ಕ್ ಅಂತ ಅದಕ್ಕೆ ಹೆಸರು.

ನಮ್ಮ ತಂದೆ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು. ಆರ್.ಕೆ. ಪುರಂನ ಕ್ವಾರ್ಟರ್ಸ್‌ನಲ್ಲಿ ಮನೆ. ಮನೆಯೊಳಗೆ ತುಳು, ಕರ್ನಾಟಕ ಸಂಘಕ್ಕೆ ಹೋದರೆ ಕನ್ನಡ, ಮೆಟ್ಟಿಲು ಇಳಿದರೆ ಹಿಂದಿ. ಪಾರ್ಕು ತೆರೆದಾಗ ನನಗೆ ಆರು ವರ್ಷ, ಅಣ್ಣನಿಗೆ ಹತ್ತು.

ನನಗೆ ನೆನಪಿರುವುದು ಚಳಿಗಾಲದ ಮಧ್ಯಾಹ್ನ. ಜೈಂಟ್ ವೀಲ್‌ನ ಸರಳು ಹಿಡಿದರೆ ಕೈ ಅಂಟಿಕೊಳ್ಳುವಷ್ಟು ತಣ್ಣಗೆ. ಮೇಲೆ ಹೋದಾಗ ಪುರಾನಾ ಕಿಲಾದ ಗೋಡೆ ಕಾಣುತ್ತಿತ್ತು, ಕೆಳಗೆ ಬಂದಾಗ ಪೇಪರ್ ಪೊಟ್ಟಣದಲ್ಲಿ ಬಿಸಿ ಕಡಲೆಕಾಯಿ ಹಿಡಿದು ನಿಂತ ಅಮ್ಮ. ಅಪ್ಪ ಯಾವುದನ್ನೂ ಹತ್ತುತ್ತಿರಲಿಲ್ಲ. ನಾವು ಬಿಚ್ಚಿ ಕೊಟ್ಟ ಸ್ವೆಟರುಗಳನ್ನು ತೋಳಿಗೆ ಹಾಕಿಕೊಂಡು ಬೇಲಿ ಹತ್ತಿರ ನಿಲ್ಲುತ್ತಿದ್ದರು. ಕೋಟ್ ಸ್ಟ್ಯಾಂಡ್ ತರಹ. ಮತ್ತೆ ಆ ಹಡಗು. ಆ ಕಡೆಯಿಂದ ಈ ಕಡೆಗೆ ತೂಗುವ ದೊಡ್ಡ ಹಡಗು ಇರುತ್ತದಲ್ಲ, ಕೂತವರ ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬರುತ್ತದೆ, ಅದು.

ಭಾನುವಾರ ಶಾಲೆಯಲ್ಲಿ ಪಾಠ ಮಾಡಲು ಶುರು ಮಾಡಿದ ಮೇಲೆ ಆ ಹಡಗನ್ನು ನಾನು ಚೆನ್ನಾಗಿ ದುಡಿಸಿಕೊಂಡೆ. ಯೇಸುಸ್ವಾಮಿ ದೋಣಿಯಲ್ಲಿದ್ದಾಗ ಬಿರುಗಾಳಿಯನ್ನು ಗದರಿಸಿ ಸುಮ್ಮನಾಗಿಸಿದ ಪಾಠ ಬಂದಾಗಲೆಲ್ಲ ಇದೇ ಕಥೆ. "ಮಕ್ಕಳೇ, ನಾನು ಚಿಕ್ಕವಳಿದ್ದಾಗ ದೆಹಲಿಯಲ್ಲಿ ಒಂದು ಹಡಗು ಹತ್ತಿದ್ದೆ..." ಕೈ ಕಾಲು ಆಡಿಸಿ, ಕಿರುಚಿ ತೋರಿಸುತ್ತಿದ್ದೆ. ಮಕ್ಕಳಿಗೆ ಖುಷಿಯೋ ಖುಷಿ. ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು.

2008ರ ಫೆಬ್ರವರಿ 17ಕ್ಕೆ ಅಪ್ಪು ಘರ್ ಮುಚ್ಚಿತು. ಜಾಗವೆಲ್ಲ ಸುಪ್ರೀಂ ಕೋರ್ಟ್ ಮತ್ತು ಮೆಟ್ರೋ ಪಾಲಾಯಿತು. ಕೋರ್ಟಿನ ಹೊಸ ಕಟ್ಟಡಗಳು ಅಲ್ಲಿ ಎದ್ದು 2019ರಲ್ಲಿ ಉದ್ಘಾಟನೆಯೂ ಆಯಿತು. ಪಕ್ಕದ ಪ್ರಗತಿ ಮೈದಾನ್ ಮೆಟ್ರೋ ಸ್ಟೇಷನ್ನಿನ ಹೆಸರೂ ಈಗ ಸುಪ್ರೀಂ ಕೋರ್ಟ್. ನಮ್ಮ ಬಾಲ್ಯದ ಜಾಗಕ್ಕೆ ಸುಪ್ರೀಂ ಕೋರ್ಟೇ ಬಂದು ಕೂತ ಮೇಲೆ ಮೇಲ್ಮನವಿ ಹಾಕುವುದಾದರೂ ಎಲ್ಲಿ?

ಮುಚ್ಚಿದ ಸುದ್ದಿ ಓದಿ ಅಣ್ಣನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಹಳೆಯದೆಲ್ಲ ಮಾತಾಡಿದೆವು. ಹಡಗಿನ ವಿಷಯ ಬಂತು. ಅವನು ನಕ್ಕ. "ನೀನು ಹಡಗು ಹತ್ತಲೇ ಇಲ್ಲ ಮಾರಾಯ್ತಿ. ಕ್ಯೂನಲ್ಲಿ ನಿಂತು ಅಳಲು ಶುರು ಮಾಡಿದೆ. ಅಪ್ಪನ ಹತ್ತಿರ ಸ್ವೆಟರ್ ಹಿಡಿದುಕೊಂಡು ನಿಂತದ್ದು ನೀನು. ಹತ್ತಿದ್ದು ನಾನು" ಅಂದ.

ನಾನು ಜಗಳ ಮಾಡಿದೆ. ಆಮೇಲೆ ಅಮ್ಮನನ್ನು ಕೇಳಿದೆ. ಅಮ್ಮನೂ ಅದನ್ನೇ ಹೇಳಿದರು. ಇನ್ನೊಂದು ಸೇರಿಸಿದರು: ನಾವು ಅಪ್ಪು ಘರ್‌ಗೆ ಹೋಗಿದ್ದು ಒಟ್ಟು ಮೂರೇ ಸಲವಂತೆ. ನಾನು ಮಾತಾಡುವುದನ್ನು ಕೇಳಿದರೆ ಪ್ರತಿ ಭಾನುವಾರ ಚರ್ಚ್ ಮುಗಿಸಿ ಅಲ್ಲಿಗೇ ಹೋಗುತ್ತಿದ್ದೆವು ಅನಿಸಬೇಕು.

ಅಣ್ಣ ಇನ್ನೂ ಒಂದು ಮಾತು ಹೇಳಿದ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆ ಪಾರ್ಕು ತೆರೆದ ತಿಂಗಳು ಯಾವುದು ಅಂತ ನೆನಪು ಮಾಡಿಕೊಳ್ಳಿ. 1984ರ ಅಕ್ಟೋಬರ್ 31ಕ್ಕೆ ಇಂದಿರಾ ಗಾಂಧಿಯವರ ಹತ್ಯೆ. ಆಮೇಲಿನ ದಿನಗಳಲ್ಲಿ ದೆಹಲಿಯಲ್ಲಿ ಸಿಖ್ಖರ ಮೇಲೆ ನಡೆದದ್ದು ಏನು ಅಂತ ನಿಮಗೆ ಗೊತ್ತು. ನವೆಂಬರ್ 19 ಇಂದಿರಾ ಅವರ ಹುಟ್ಟಿದ ದಿನ, ಅದಕ್ಕೇ ಆ ದಿನ ಉದ್ಘಾಟನೆ. ಮೂರು ವಾರದ ಹಿಂದೆ ಉರಿದ ಊರಿನಲ್ಲಿ ಮಕ್ಕಳ ಪಾರ್ಕು. ಹತ್ತು ವರ್ಷದ ಅಣ್ಣನಿಗೆ ಬಾಲ್ಕನಿಯಿಂದ ಕಂಡ ಹೊಗೆ ನೆನಪಿದೆ. ನನಗೆ ಆನೆಮರಿ ಮಾತ್ರ.

ನಾನು ಹೇಳಲು ಹೊರಟದ್ದು ಇಷ್ಟೇ: ನೆನಪು ಸುಳ್ಳು ಹೇಳುತ್ತದೆ. ಬೇಕೆಂದೇ ಹೇಳುವುದಿಲ್ಲ, ಪ್ರೀತಿಯಿಂದ ಹೇಳುತ್ತದೆ. ಯುವಜನ ಸೇವೆ ಮಾಡುವ ನಾವೆಲ್ಲ ಆ ಸುಳ್ಳನ್ನು ನಂಬಿಕೊಂಡೇ ಕಾರ್ಯಕ್ರಮದ ಪಟ್ಟಿ ಹಾಕುತ್ತೇವೆ. ಇವತ್ತು ಅದರ ಮೇಲೇ ಮಾತು.

ಕನ್ನಡದಲ್ಲಿ ಇದಕ್ಕೆ ಹಳಹಳಿಕೆ ಅಂತ ಒಳ್ಳೆಯ ಪದ ಇದೆ. ಆ ಪದದಲ್ಲೇ ಸ್ವಲ್ಪ ನೋವಿದೆ, ಸ್ವಲ್ಪ ಚಪಲವೂ ಇದೆ. ಇಂಗ್ಲಿಷಿನವರು ನಾಸ್ಟಾಲ್ಜಿಯಾ ಅನ್ನುತ್ತಾರೆ. ಆ ಪದ ಎಲ್ಲಿ ಹುಟ್ಟಿತು ಗೊತ್ತಾ? ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ! ನಗಬೇಡಿ, ನಿಜ. 1688ರಲ್ಲಿ ಯೊಹಾನ್ನೆಸ್ ಹೋಫರ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಬಂಧ ಬರೆದ. ಊರು ಬಿಟ್ಟು ಹೋದ ಸ್ವಿಸ್ ಜನ ಮನೆಯ ನೆನಪಿನಲ್ಲೇ ಕೊರಗಿ ಕಾಯಿಲೆ ಬೀಳುತ್ತಿದ್ದರು. ಆ ಕಾಯಿಲೆಗೆ ಗ್ರೀಕ್ ಭಾಷೆಯ ಎರಡು ಪದ ಜೋಡಿಸಿ ಹೆಸರಿಟ್ಟ. ಮನೆಗೆ ಮರಳುವುದು ಒಂದು, ನೋವು ಇನ್ನೊಂದು. ಬೇರೆ ಊರಿಂದ ಬಾಸೆಲ್‌ಗೆ ಓದಲು ಬಂದ ಒಬ್ಬ ಹುಡುಗ ಸಾಯುವ ಹಾಗಾಗಿದ್ದವನು, ಮನೆಗೆ ಕಳಿಸುತ್ತೇವೆ ಅಂದ ಮೇಲೆ ಚೇತರಿಸಿಕೊಂಡ ಕಥೆಯೂ ಅದರಲ್ಲಿದೆ.

ಅದೇ ಬಾಸೆಲ್‌ನಿಂದ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನುವ ಬಾಸೆಲ್ ಮಿಷನ್ನಿನ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಇಲ್ಲಿ ಕೂತಿರುವ ಅರ್ಧ ಜನರ ಸಭೆಗಳು, ಅಂದರೆ ಚರ್ಚುಗಳು, ಅವರ ಹೆಜ್ಜೆ ಹಿಡಿದು ಬಂದವು. ಹಂಚು ಬಂತು, ಅಚ್ಚುಕೂಟ ಬಂತು, ನಿಘಂಟು ಬಂತು. ಹಳಹಳಿಕೆಯೂ ಅದೇ ಹಡಗಿನಲ್ಲಿ ಬಂದಿರಬೇಕು ಅಂತ ನನ್ನ ಗುಮಾನಿ. ಯಾಕೆಂದರೆ ನಮ್ಮ ಸಭೆಗಳಲ್ಲಿ ಯಾವ ಮೀಟಿಂಗ್ ಆಗಲಿ, ಹತ್ತನೇ ನಿಮಿಷಕ್ಕೆ ಯಾರಾದರೂ "ನಮ್ಮ ಕಾಲದಲ್ಲಿ..." ಅಂತ ಶುರು ಮಾಡದೆ ಇರುವುದಿಲ್ಲ.

ಈಗ ನನ್ನದೇ ತಪ್ಪಿನ ಕಥೆ.

ಅಪ್ಪನಿಗೆ ವರ್ಗವಾಗಿ ನಾವು ಮಂಗಳೂರಿಗೆ ಬಂದೆವು. 1995ರ ಮೇ ತಿಂಗಳಲ್ಲಿ ಘಟ್ಟದ ತಪ್ಪಲಿನಲ್ಲಿ ಒಂದು ಯೂತ್ ಕ್ಯಾಂಪ್. ನನಗೆ 17. ನನ್ನ ವಿಶ್ವಾಸದ ಜೀವನ ಶುರುವಾದದ್ದು ಎಲ್ಲಿ ಅಂತ ಯಾರಾದರೂ ಕೇಳಿದರೆ ಇವತ್ತಿಗೂ ಆ ಕ್ಯಾಂಪನ್ನೇ ಹೇಳುತ್ತೇನೆ. ಸೈಕ್ಲೋಸ್ಟೈಲ್ ಮಾಡಿದ ಹಾಡಿನ ಪುಸ್ತಕ, ಬೆರಳಿಗೆಲ್ಲ ಹತ್ತುತ್ತಿದ್ದ ಅದರ ಶಾಯಿ. ಬೆಳಿಗ್ಗೆ ಗಂಜಿ, ಚಟ್ನಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಸತ್ಯವೇದ (ಬೈಬಲ್) ಓದುವುದು. ಕೊನೆಯ ರಾತ್ರಿ ಬೆಂಕಿ ಹಾಕಿ ಅದರ ಸುತ್ತ ಕೂತು, ಬಿಡಬೇಕಾದದ್ದನ್ನು ಚೀಟಿಯಲ್ಲಿ ಬರೆದು ಬೆಂಕಿಗೆ ಹಾಕುವುದು. ನಾವೆಲ್ಲ ಅತ್ತೆವು. ನಾನು ಏನು ಬರೆದಿದ್ದೆ ಅಂತ ಕೇಳಬೇಡಿ. ಹೊಗೆಯ ವಾಸನೆ ಮಾತ್ರ ಇನ್ನೂ ಮೂಗಿನಲ್ಲಿದೆ.

2018ರಲ್ಲಿ ನಮ್ಮ ಸಭೆಯ ಯುವಜನರ ಜವಾಬ್ದಾರಿ ನನಗೆ ಬಂತು. ನಾನು ಮಾಡಿದ ಮೊದಲ ಕೆಲಸ ಏನು ಹೇಳಿ? ಅದೇ ಕ್ಯಾಂಪು. ಒಂದಕ್ಷರ ಬಿಡದ ಹಾಗೆ. ಹಾಡಿನ ಪುಸ್ತಕವನ್ನು ಹಳೇ ಟೈಪ್‌ರೈಟರ್ ಅಕ್ಷರದ ಹಾಗೆ ಕಾಣುವಂತೆ ಪ್ರಿಂಟ್ ಮಾಡಿಸಿದೆ. ಗಂಜಿ ಚಟ್ನಿಯೇ ಬೇಕು ಅಂತ ಅಡುಗೆಯವರ ಹತ್ತಿರ ಹಟ ಹಿಡಿದೆ. ಮಕ್ಕಳ ಮೊಬೈಲುಗಳನ್ನೆಲ್ಲ ಒಂದು ಬಕೆಟ್‌ನಲ್ಲಿ ಹಾಕಿಸಿ, ಅದನ್ನು ನನ್ನ ಕೋಣೆಯ ಮಂಚದ ಕೆಳಗೆ ತಳ್ಳಿದೆ. ರಾತ್ರಿಯಿಡೀ ಆ ಬಕೆಟ್ ಗುಂಯ್ ಗುಂಯ್ ಅನ್ನುತ್ತಿತ್ತು. ಜೇನುಗೂಡಿನ ಪಕ್ಕ ಮಲಗಿದ ಹಾಗೆ.

ಮೂವತ್ತನಾಲ್ಕು ಮಕ್ಕಳು. ಒಳ್ಳೆಯ ಮಕ್ಕಳು. ಹೇಳಿದ್ದೆಲ್ಲ ಮಾಡಿದರು. ಕಲ್ಲಿನ ಮೇಲೆ ಕೂರಿ ಅಂದರೆ ಕೂತರು. ಕೊನೆಯ ರಾತ್ರಿ ಮಳೆ ಬಂದು ಸೌದೆ ಒದ್ದೆಯಾಗಿತ್ತು. ಸೀಮೆಎಣ್ಣೆ ಸುರಿದು ಹೇಗೋ ಬೆಂಕಿ ಮಾಡಿದೆವು. ಚೀಟಿ ಹಾಕಿದರು. ಯಾರೂ ಅಳಲಿಲ್ಲ. ಒಬ್ಬ ಹುಡುಗ ಆಕಳಿಸಿದ. ನನಗೆ ಅವನ ಮೇಲೆ ಬಂದ ಸಿಟ್ಟು ನೆನೆದರೆ ಈಗ ನಾಚಿಕೆಯಾಗುತ್ತದೆ.

ಎಲ್ಲ ಮುಗಿದ ಮೇಲೆ ಫಸ್ಟ್ ಪಿಯುಸಿ ಹುಡುಗಿ ಒಬ್ಬಳು ಪಾತ್ರೆ ಎತ್ತಿಡಲು ನನ್ನ ಜೊತೆ ಬಂದಳು. "ಆಂಟಿ, ಒಂದು ಹೇಳ್ಲಾ? ಬೇಜಾರು ಮಾಡ್ಬೇಡಿ" ಅಂದಳು. ಹೇಳು ಅಂದೆ. "ಇದು ನಿಮ್ಮ ಕ್ಯಾಂಪ್ ಅಲ್ವಾ? ನಮಗೆ ಎಂತ ಆಗ್ತದೆ ಅಂದ್ರೆ, ನಿಮ್ಮ ಹಳೇ ಫೋಟೋದೊಳಗೆ ಹೋಗಿ ನಿಂತ ಹಾಗೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಕೆಟ್ಟಿನ ಗುಂಯ್ ಗುಂಯ್ ಬೇರೆ.

ಮಲಗಿದಲ್ಲೇ 1995ರ ಕ್ಯಾಂಪನ್ನು ಮತ್ತೆ ನೆನಪಿಗೆ ತಂದುಕೊಂಡೆ. ಈ ಸಲ ಸ್ವಲ್ಪ ಪ್ರಾಮಾಣಿಕವಾಗಿ. ಆಗ ಮರೆತೇ ಹೋಗಿದ್ದ ಒಂದು ಸಂಗತಿ ಎದ್ದು ಬಂತು. ಆ ಕ್ಯಾಂಪಿಗೆ ಒಬ್ಬ ಅಣ್ಣ ಗಿಟಾರ್ ತಂದಿದ್ದ. ಅದಕ್ಕೆ ದೊಡ್ಡ ಗಲಾಟೆಯಾಗಿತ್ತು. ಹಿರಿಯರೊಬ್ಬರು ಊರಿಂದ ಬಸ್ಸು ಹತ್ತಿ ಬಂದು, ಹಾರ್ಮೋನಿಯಂ ಇರುವಾಗ ಇದೆಲ್ಲ ಎಂತಕ್ಕೆ, ಕ್ಯಾಂಪೋ ಆರ್ಕೆಸ್ಟ್ರಾವೋ ಅಂತ ಬೈದು ಹೋಗಿದ್ದರು. ನಾವು ಹಿಂದೆ ಕೂತು ನಕ್ಕಿದ್ದೆವು. ಅಂದರೆ ನಮಗೆ ಆ ಕ್ಯಾಂಪು ಅಷ್ಟು ಪ್ರಿಯವಾದದ್ದು ಅದು ಹಳೆಯದಾಗಿದ್ದಕ್ಕಲ್ಲ. ಅದು ಆಗ ಹೊಸದಾಗಿತ್ತು. ನಮ್ಮದಾಗಿತ್ತು. ಹಿರಿಯರಿಗೆ ಇಷ್ಟವಾಗಿರಲಿಲ್ಲ. ನಾನು ಗಿಟಾರನ್ನು ಉಳಿಸಿಕೊಂಡು ಗಲಾಟೆಯನ್ನು ಮರೆತಿದ್ದೆ. ಹಡಗನ್ನು ಉಳಿಸಿಕೊಂಡು ಅಳುವನ್ನು ಮರೆತ ಹಾಗೆ.

ಇದು ನಮ್ಮೊಬ್ಬರ ರೋಗ ಅಲ್ಲ, ಬಿಡಿ. ಸತ್ಯವೇದದ ಅರಣ್ಯಕಾಂಡದ 11ನೇ ಅಧ್ಯಾಯ ಓದಿ. ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿಯಿಂದ ಬಿಡುಗಡೆಯಾದ ಇಸ್ರಾಯೇಲ್ಯರು ಮರುಭೂಮಿಯಲ್ಲಿ ಕೂತು ಅಳುತ್ತಾರೆ. ಐಗುಪ್ತದಲ್ಲಿ ಪುಕ್ಕಟೆ ಮೀನು ತಿನ್ನುತ್ತಿದ್ದೆವು, ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿ ಅಂತ ಪಟ್ಟಿ ಕೊಡುತ್ತಾರೆ. ಸಂತೆಗೆ ಹೊರಟವರ ಚೀಟಿ ತರಹ ಇದೆ ಅದು. ಪುಕ್ಕಟೆಯಂತೆ! ಇಟ್ಟಿಗೆ ಹೊತ್ತದ್ದು, ಬೆನ್ನ ಮೇಲೆ ಏಟು ಬಿದ್ದದ್ದು, ಗಂಡು ಕೂಸುಗಳನ್ನು ನದಿಗೆ ಎಸೆದದ್ದು ಯಾವುದೂ ಪಟ್ಟಿಯಲ್ಲಿ ಇಲ್ಲ. ಬೆಳ್ಳುಳ್ಳಿ ಇದೆ. ಪ್ರಸಂಗಿ 7:10 ಇನ್ನೂ ಖಾರವಾಗಿದೆ. ಹಿಂದಿನ ದಿನಗಳೇ ಈಗಿನದಕ್ಕಿಂತ ಚೆನ್ನಾಗಿದ್ದವು, ಯಾಕೆ ಅಂತ ಕೇಳಬೇಡ, ಅದು ಬುದ್ಧಿವಂತರು ಕೇಳುವ ಪ್ರಶ್ನೆ ಅಲ್ಲ ಅನ್ನುತ್ತದೆ. ನಮ್ಮ ವಾರ್ಷಿಕ ಸಭೆಯ ಬಾಗಿಲಿಗೆ ಅಂಟಿಸಬೇಕಾದ ವಾಕ್ಯ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಪಾರ್ಕು ಮತ್ತು ಸೇವೆ ಎರಡನ್ನೂ ನಿಜವಾಗಿಯೂ ಸೇರಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿ, ಜಿಮ್ ಬ್ಯಾಕರ್ ಮತ್ತು ಟ್ಯಾಮಿ ಫೇ ಬ್ಯಾಕರ್ ಅನ್ನುವ ಟಿವಿ ಬೋಧಕ ದಂಪತಿ. 1978ರಲ್ಲಿ ಹೆರಿಟೇಜ್ ಯುಎಸ್‌ಎ ಅನ್ನುವ ಕ್ರೈಸ್ತ ಪಾರ್ಕು ಶುರು ಮಾಡಿದರು. 2,300 ಎಕರೆ. ವಾಟರ್ ಪಾರ್ಕ್, 500 ಕೋಣೆಯ ಹೋಟೆಲು. 1986ರಲ್ಲಿ ಹತ್ತಿರ ಹತ್ತಿರ 60 ಲಕ್ಷ ಜನ ಬಂದರು. ಡಿಸ್ನಿಯವರ ಎರಡು ಪಾರ್ಕು ಬಿಟ್ಟರೆ ದೇಶದಲ್ಲಿ ಅದೇ ಮುಂದೆ ಅನ್ನುವ ಮಟ್ಟಕ್ಕೆ ಬೆಳೆದಿತ್ತು.

ಅಲ್ಲಿ ಇಟ್ಟದ್ದು ಏನೇನು ನೋಡಿ. ಅಜ್ಜನ ಕಾಲದ ಪೇಟೆಬೀದಿಯ ಹಾಗೆ ಕಟ್ಟಿದ ಅಂಗಡಿ ಸಾಲು. ಯೇಸುಸ್ವಾಮಿ ಶಿಷ್ಯರ ಜೊತೆ ಕೊನೆಯ ಊಟ ಮಾಡಿದ ಯೆರೂಸಲೇಮಿನ ಮೇಲಂತಸ್ತಿನ ಕೋಣೆಯ ನಕಲು. ಇನ್ನೂ ಒಂದು ಹೇಳಿದರೆ ನಂಬುವುದಿಲ್ಲ, ಹೆಸರಾಂತ ಬೋಧಕ ಬಿಲ್ಲಿ ಗ್ರಹಾಂ ಹುಡುಗನಾಗಿದ್ದಾಗ ಇದ್ದ ಮನೆಯನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದರು. ಇನ್ನೊಬ್ಬರ ಬಾಲ್ಯವನ್ನು ಕಿತ್ತು ತಂದು ಟಿಕೆಟ್ ಇಲ್ಲದ ವಸ್ತುಸಂಗ್ರಹಾಲಯ ಮಾಡಿದ ಹಾಗೆ. ಅಂದರೆ ಆ ಪಾರ್ಕಿನ ದೊಡ್ಡ ಆಟ ನೀರಿನ ಜಾರುಬಂಡೆ ಅಲ್ಲ, ಹಳಹಳಿಕೆ.

ಸಾವಿರ ಡಾಲರ್ ಕೊಟ್ಟವರಿಗೆ ಜೀವನಪೂರ್ತಿ ಪ್ರತಿ ವರ್ಷ ಮೂರು ರಾತ್ರಿ ಉಚಿತ ವಾಸ ಅಂತ ಟಿವಿಯಲ್ಲಿ ಸಾರಿದರು. ಇರುವ ಕೋಣೆಗಳಲ್ಲಿ ಹಿಡಿಸದಷ್ಟು ಜನರಿಂದ ದುಡ್ಡು ತೆಗೆದುಕೊಂಡರು. 1987ರಲ್ಲಿ ಹಗರಣ ಹೊರಬಂದು ಬ್ಯಾಕರ್ ರಾಜೀನಾಮೆ ಕೊಟ್ಟ. 1989ರ ಸೆಪ್ಟೆಂಬರ್‌ನಲ್ಲಿ ಹ್ಯೂಗೊ ಚಂಡಮಾರುತ ಬಂದು ಪಾರ್ಕಿನ ಕಟ್ಟಡಗಳಿಗೆ ಹೊಡೆಯಿತು. ಅಕ್ಟೋಬರ್‌ನಲ್ಲಿ ಕೋರ್ಟು ಅವನಿಗೆ 45 ವರ್ಷದ ಶಿಕ್ಷೆ ಕೊಟ್ಟಿತು, ಆಮೇಲೆ ಅದು ಕಡಿಮೆಯಾಯಿತು. ಅರ್ಧಕ್ಕೆ ನಿಂತ 21 ಅಂತಸ್ತಿನ ಹೋಟೆಲ್ ಗೋಪುರ ವರ್ಷಗಟ್ಟಲೆ ಹಾಗೇ ನಿಂತಿತ್ತು.

ಇದನ್ನು ನಾನು ಅಮೆರಿಕದವರನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ನಮ್ಮ ಹತ್ತಿರ 2,300 ಎಕರೆ ಇಲ್ಲ, ಅಷ್ಟೇ ವ್ಯತ್ಯಾಸ. ಎಲ್‌ಇಡಿ ಗೋಡೆ, ಹೊಗೆ ಉಗುಳುವ ಮೆಷಿನ್ನು ಬಾಡಿಗೆಗೆ ತಂದು ಯೂತ್ ಸಂಡೇ ಮಾಡುವುದನ್ನು ನೀವೂ ನೋಡಿದ್ದೀರಿ. ಮೊದಲ ವರ್ಷ ಹಾಲ್ ತುಂಬುತ್ತದೆ. ಎರಡನೇ ವರ್ಷ ಹೊಗೆ ಜಾಸ್ತಿ ಬೇಕಾಗುತ್ತದೆ.

ಹಾಗಂತ ಆಟವೇ ಬೇಡ ಅನ್ನುವವರ ಜೊತೆಗೂ ನಾನಿಲ್ಲ. ಈಗ ಒಬ್ಬ ಕೆಥೊಲಿಕ್ ಸಂತರ ಕಥೆ ಹೇಳುತ್ತೇನೆ. ಮುಂದಿನ ಸಾಲಿನ ಹಿರಿಯರು ಹುಬ್ಬು ಏರಿಸಬೇಡಿ, ಐದೇ ನಿಮಿಷ. ಇಟಲಿಯ ಜಾನ್ ಬೋಸ್ಕೊ. ಹುಟ್ಟಿದ್ದು 1815ರಲ್ಲಿ, ನಮ್ಮ ಬಾಸೆಲ್ ಮಿಷನ್ ಹುಟ್ಟಿದ ವರ್ಷವೇ. ಅಪ್ಪ ಎರಡು ವರ್ಷವಾಗುವ ಮೊದಲೇ ತೀರಿಕೊಂಡರು. ಹಳ್ಳಿಯ ಹುಡುಗ. ಜಾತ್ರೆಗೆ ಬರುವ ಆಟಗಾರರನ್ನು ನೋಡಿ ನೋಡಿ ಅವರ ಕೈಚಳಕವನ್ನೆಲ್ಲ ಕಲಿತ. ಎರಡು ಮರಗಳ ನಡುವೆ ಹಗ್ಗ ಕಟ್ಟಿ ಅದರ ಮೇಲೆ ನಡೆಯುತ್ತಿದ್ದ. ಊರವರು ಸೇರುತ್ತಿದ್ದರು. ಟಿಕೆಟ್ ಏನು ಗೊತ್ತಾ? ಮೊದಲು ಪ್ರಾರ್ಥನೆಗೆ ಕೂರಬೇಕು, ಭಾನುವಾರ ಕೇಳಿದ ಪ್ರಸಂಗವನ್ನು ಅವನು ಮತ್ತೆ ಹೇಳುತ್ತಾನೆ, ಕೇಳಬೇಕು. ಆಗದವರು ಮನೆಗೆ ಹೋಗಬಹುದು. ಯುವಜನ ಸೇವೆ ಮತ್ತು ಅಮ್ಯೂಸ್‌ಮೆಂಟ್ ಪಾರ್ಕು ಎರಡೂ ಒಂದೇ ಹಗ್ಗದ ಮೇಲೆ!

ಆದರೆ ನನಗೆ ಅದಕ್ಕಿಂತ ಇಷ್ಟವಾಗುವುದು ಮುಂದಿನ ಕಥೆ. ಪಾದ್ರಿಯಾದ ಮೇಲೆ ಟ್ಯೂರಿನ್ ಪಟ್ಟಣದಲ್ಲಿ ಕೂಲಿ ಮಾಡುವ ಹುಡುಗರನ್ನು ಭಾನುವಾರ ಸೇರಿಸುತ್ತಿದ್ದರು. ಗಾರೆ ಕೆಲಸದವರು, ಚಿಮಣಿ ಗುಡಿಸುವವರು. ಇನ್ನೂರು ಮುನ್ನೂರು ಹುಡುಗರು ಸೇರಿದರೆ ಸದ್ದು ಎಷ್ಟಾಗಬೇಡ? ಎಲ್ಲಿ ಹೋದರೂ ಓಡಿಸಿದರು. ಹಿಟ್ಟಿನ ಗಿರಣಿಗಳ ಪಕ್ಕದ ಪ್ರಾರ್ಥನಾಲಯದಿಂದ ಓಡಿಸಿದರು. ಸ್ಮಶಾನದ ಪಕ್ಕದ ಚರ್ಚಿನಿಂದಲೂ ಓಡಿಸಿದರು. ಸತ್ತವರಿಗೂ ಆ ಸದ್ದು ತಡೆಯಲಾಗಲಿಲ್ಲವೋ ಏನೋ. ಕೊನೆಗೆ ಫಿಲಿಪ್ಪಿ ಅನ್ನುವ ಅಣ್ಣತಮ್ಮಂದಿರ ಹುಲ್ಲುಗಾವಲು ಬಾಡಿಗೆಗೆ ಹಿಡಿದರು. ಹುಡುಗರು ಓಡಾಡಿ ಓಡಾಡಿ ಹುಲ್ಲು ಬೇರು ಸಮೇತ ಸತ್ತು ಹೋಗುತ್ತಿದೆ, ಬಾಡಿಗೆಯೂ ಬೇಡ, ಖಾಲಿ ಮಾಡಿ ಅಂದರು ಮಾಲೀಕರು. 1846ರ ಏಪ್ರಿಲ್, ಗರಿಗಳ ಭಾನುವಾರ. ಅದು ಅಲ್ಲಿನ ಕೊನೆಯ ದಿನ. ಆ ಮನುಷ್ಯ ಹುಡುಗರು ಆಡುವುದನ್ನು ನೋಡುತ್ತಾ ಒಂದು ಮೂಲೆಯಲ್ಲಿ ನಿಂತು ಅತ್ತರು. ಅವತ್ತೇ ಸಂಜೆ ಯಾರೋ ಬಂದು ಪಿನಾರ್ಡಿ ಅನ್ನುವವರ ಶೆಡ್ಡು ಇದೆ ಅಂದರು. ಹೋಗಿ ನೋಡಿದರೆ ತಲೆ ತಾಗುವಷ್ಟು ತಗ್ಗು. ನೆಲ ಅಗೆದು ತಗ್ಗಿಸಿ ಮುಂದಿನ ಭಾನುವಾರ, ಈಸ್ಟರ್ ದಿನ, ಅಲ್ಲಿ ಆರಾಧನೆ ಮಾಡಿದರು.

ಸೂರು ಏರಿಸಲು ದುಡ್ಡಿಲ್ಲ, ಹಾಗಾಗಿ ನೆಲ ಅಗೆದರು. ನನಗೆ ಇದು ತುಂಬಾ ಹಿಡಿಸಿತು. ಒಂದು ಜಾಗ ಹೋದರೆ ಅದೇ ಜಾಗ ಬೇಕು ಅಂತ ಅವರು ಹಟ ಹಿಡಿಯಲಿಲ್ಲ. ಫಿಲಿಪ್ಪಿ ಹುಲ್ಲುಗಾವಲಿನ ನೆನಪಿನಲ್ಲಿ ಶೆಡ್ಡಿನೊಳಗೆ ಹುಲ್ಲು ಹಾಸಲಿಲ್ಲ.

ನಾವಾದರೋ ಹುಲ್ಲು ಹಾಸುತ್ತೇವೆ. ನನ್ನ ಲೆಕ್ಕ ಹೀಗಿದೆ, ನಿಮ್ಮ ಸಭೆಯಲ್ಲೂ ಹೀಗೇನಾ ನೋಡಿ. ದೃಢೀಕರಣ, ಅಂದರೆ ಸಭೆಯ ಪೂರ್ಣ ಸದಸ್ಯರಾಗುವ ವಿಧಿ, ಆಗುವುದು ಹದಿನೈದರ ಸುಮಾರಿಗೆ. ಪಿಯುಸಿ ಮುಗಿದರೆ, ಜಾಸ್ತಿ ಅಂದರೆ ಡಿಗ್ರಿ ಮುಗಿದರೆ, ಬೆಂಗಳೂರು. ಇಲ್ಲದಿದ್ದರೆ ಗಲ್ಫು. ಒಬ್ಬ ಹುಡುಗ ನಮ್ಮ ಕೈಯಲ್ಲಿರುವುದು ನಾಲ್ಕೈದು ವರ್ಷ. ಅಂದರೆ ಯೂತ್ ಗ್ರೂಪ್ ಅನ್ನುವುದೇ ನಾಲ್ಕೈದು ವರ್ಷಕ್ಕೊಮ್ಮೆ ಮುಚ್ಚಿಹೋಗುವ ಪಾರ್ಕು. ಹೆಸರು ಅದೇ, ಬೋರ್ಡು ಅದೇ, ಒಳಗಿನವರೆಲ್ಲ ಬೇರೆ. ನಾವು ಮಾತ್ರ ಇಪ್ಪತ್ತು ವರ್ಷ ಗೇಟಿನಲ್ಲೇ ಕೂತಿರುತ್ತೇವೆ. ನಮಗೆ ಇದು ಒಂದೇ ಪಾರ್ಕು ಅನಿಸುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

ಅಣ್ಣ ಈಗ ಗುರುಗ್ರಾಮದಲ್ಲಿದ್ದಾನೆ. ಅಲ್ಲಿ ಅಪ್ಪು ಘರ್ ಹೆಸರಿನಲ್ಲೇ ಇನ್ನೊಂದು ಪಾರ್ಕು ಬಂತು, ನೀರಿನ ಆಟದ್ದು. ಅವನ ಮಕ್ಕಳನ್ನು ಕರೆದುಕೊಂಡು ನಾನೂ ಹೋಗಿದ್ದೆ. ಮಕ್ಕಳು ಮೂರು ಗಂಟೆ ನೀರಿನಿಂದ ಎದ್ದು ಬರಲಿಲ್ಲ. ನಾನು ಬೇಲಿ ಹತ್ತಿರ ಟವೆಲ್ ಹಿಡಿದು ನಿಂತು, ಇದು ಅಪ್ಪು ಘರ್ ಅಲ್ಲವೇ ಅಲ್ಲ ಅಂತ ಮನಸ್ಸಿನಲ್ಲೇ ಗೊಣಗುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನನಗೇ ಹೊಳೆಯಿತು. ಟವೆಲ್ಲುಗಳು ನನ್ನ ತೋಳಿನ ಮೇಲಿದ್ದವು. ಅಪ್ಪ ನಿಂತ ಹಾಗೆಯೇ ನಿಂತಿದ್ದೆ. ಅಪ್ಪ ಆ ದಿನ ಬೇಲಿ ಹತ್ತಿರ ನಿಂತು ಅವರ ಊರಿನ ಕೋಲ, ಜಾತ್ರೆ, ತೊಟ್ಟಿಲು ತಿರುಗುವುದು ಇದನ್ನೆಲ್ಲ ನೆನೆಯುತ್ತಿದ್ದರೋ ಏನೋ. ನಮಗೆ ಹೇಳಲಿಲ್ಲ. ಸ್ವೆಟರ್ ಹಿಡಿದುಕೊಂಡರು.

ಸತ್ಯವೇದದಲ್ಲಿ ಎಜ್ರನ ಪುಸ್ತಕದ 3ನೇ ಅಧ್ಯಾಯದಲ್ಲಿ ಒಂದು ದೃಶ್ಯ ಇದೆ. ಬಾಬೆಲಿನ ಸೆರೆಯಿಂದ ಮರಳಿ ಬಂದ ಯೆಹೂದ್ಯರು ಯೆರೂಸಲೇಮಿನ ದೇವಾಲಯಕ್ಕೆ ಹೊಸ ಅಸ್ತಿವಾರ ಹಾಕುತ್ತಾರೆ. ಮೊದಲಿನ ದೇವಾಲಯ ಕಂಡಿದ್ದ ಮುದುಕರು ಜೋರಾಗಿ ಅಳುತ್ತಾರೆ. ಉಳಿದವರು ಸಂತೋಷದಿಂದ ಕೂಗುತ್ತಾರೆ. ಅಳು ಯಾವುದು, ಕೂಗು ಯಾವುದು ಅಂತ ಜನಕ್ಕೆ ಗೊತ್ತಾಗಲಿಲ್ಲವಂತೆ. ಗದ್ದಲ ಮಾತ್ರ ಬಹಳ ದೂರದವರೆಗೆ ಕೇಳಿಸಿತಂತೆ. ಮುದುಕರನ್ನು ಯಾರೂ ಬೈಯುವುದಿಲ್ಲ ಅಲ್ಲಿ. ಅವರೂ ಅಸ್ತಿವಾರ ಕೀಳಿ ಅನ್ನುವುದಿಲ್ಲ. ಅಳುತ್ತಾರೆ, ಅಷ್ಟೇ. ನನಗೆ ಅದರಷ್ಟು ಒಳ್ಳೆಯ ಯೂತ್ ಮೀಟಿಂಗ್ ಬೇರೆ ಕಡೆ ಸಿಕ್ಕಿಲ್ಲ.

ಸರಿ, ಆ ಕ್ಯಾಂಪ್ ಆದ ಮೇಲೆ ಏನು ಮಾಡಿದೆ ಅಂತ ಹೇಳಬೇಕಲ್ಲ. ಆ ಹುಡುಗಿಯನ್ನೇ ಕೇಳಿದೆ, ನಿಮಗೆ ಎಂತ ಬೇಕು ಅಂತ. ಬ್ಯಾಂಡ್ ಕೇಳಬಹುದು, ಟ್ರಿಪ್ ಕೇಳಬಹುದು ಅಂದುಕೊಂಡಿದ್ದೆ. ಅವಳು, "ಆಂಟಿ, ಹಾಲ್‌ನ ಕೀ ಕೊಡ್ತೀರಾ? ಬುಧವಾರ ಸಂಜೆ ಮಾತ್ರ" ಅಂದಳು.

ಒಂದು ಬೀಗದ ಕೈ. ಅದಕ್ಕೆ ನಮ್ಮ ಕಮಿಟಿಯಲ್ಲಿ ಮೂರು ತಿಂಗಳು ಚರ್ಚೆಯಾಯಿತು. ಫ್ಯಾನ್ ಆಫ್ ಮಾಡದೆ ಹೋದರೆ ಬಿಲ್ಲು ಯಾರು ಕಟ್ಟುವುದು? ಹುಡುಗ ಹುಡುಗಿಯರು ಒಟ್ಟಿಗೆ ಇರುವಾಗ ದೊಡ್ಡವರು ಯಾರಿರುತ್ತಾರೆ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಮಕ್ಕಳ ಜವಾಬ್ದಾರಿ ಅಂದರೆ ತಮಾಷೆ ಅಲ್ಲ. ಕೊನೆಗೆ ನಮ್ಮ ಪಾಸ್ಟರ್ ಅಯ್ಯನವರೇ ಒಂದು ದಾರಿ ಹೇಳಿದರು. ಬಾಗಿಲು ತೆರೆದೇ ಇರಬೇಕು, ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರಬೇಕು, ಕರೆಯದೆ ಒಳಗೆ ಹೋಗಬಾರದು. ಆರರಿಂದ ಎಂಟು.

ಒಳಗೆ ಏನು ನಡೆಯುತ್ತದೆ ಅಂತ ನೀವು ಕೇಳಿದರೆ ಹೇಳಲು ದೊಡ್ಡದೇನೂ ಇಲ್ಲ. ಕೇರಂ ಆಡುತ್ತಾರೆ. ಒಬ್ಬಳು ಒಂಬತ್ತನೇ ಕ್ಲಾಸಿನವನಿಗೆ ಲೆಕ್ಕ ಹೇಳಿಕೊಡುತ್ತಾಳೆ. ಕೆಲವು ವಾರ ಹಾಡು, ಪ್ರಾರ್ಥನೆ. ಕೆಲವು ವಾರ ಬರೀ ಜಗಳ. ಒಬ್ಬ ಹುಡುಗ ಏಳು ವಾರ ಕೇರಂ ಬಿಟ್ಟು ಬೇರೆ ಏನನ್ನೂ ಮಾಡಲಿಲ್ಲ, ಮಾತೂ ಆಡಲಿಲ್ಲ. ಎಂಟನೇ ವಾರ ಮೆಟ್ಟಿಲಿಗೆ ಬಂದು ನನ್ನ ಪಕ್ಕ ಕೂತ. ಕೈಯೆಲ್ಲ ಕೇರಂ ಪೌಡರ್. "ಪ್ರಾರ್ಥನೆ ಮಾಡಿದ್ರೂ ಅಪ್ಪ ಕುಡಿಯುದು ಬಿಡುದಿಲ್ಲ ಆಂಟಿ. ಮತ್ತೆ ಎಂತಕ್ಕೆ ಮಾಡುದು?" ಅಂದ.

ನಾನು ಉತ್ತರ ಕೊಡಲಿಲ್ಲ. ಗೊತ್ತಿದ್ದರೆ ತಾನೇ. ಸ್ವಲ್ಪ ಹೊತ್ತು ಇಬ್ಬರೂ ರಸ್ತೆ ನೋಡುತ್ತಾ ಕೂತೆವು. ಆಮೇಲೆ ಅವನು ಎದ್ದು ಹೋಗಿ ಇನ್ನೊಂದು ಆಟ ಆಡಿದ. ಮುಂದಿನ ವಾರವೂ ಬಂದ. ಇದನ್ನು ವರದಿಯಲ್ಲಿ ಬರೆಯುವುದು ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ವಾರ್ಷಿಕ ವರದಿಗೆ ಕ್ಯಾಂಪಿನ ಫೋಟೋ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಮೆಟ್ಟಿಲಿನ ಫೋಟೋ ಯಾರು ನೋಡುತ್ತಾರೆ?

ಕೊರೊನಾದ ಎರಡು ವರ್ಷ ಬಿಟ್ಟರೆ ಬುಧವಾರ ತಪ್ಪಿಲ್ಲ. ಬೀಗದ ಕೈ ಈಗ ಮೂರನೇ ತಂಡದವರ ಹತ್ತಿರ ಇದೆ. ಅವರು ನಾನು ಮೆಟ್ಟಿಲ ಮೇಲೆ ಕೂರುವುದು ಮೊದಲಿನಿಂದಲೂ ಇದ್ದ ಪದ್ಧತಿ, ಬಾಸೆಲ್ ಮಿಷನ್ ಕಾಲದ್ದು ಅಂತ ತಿಳಿದುಕೊಂಡಿದ್ದಾರೆ.

ಕೀ ಕೇಳಿದ ಆ ಹುಡುಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹಳೇ ಫೋಟೋದೊಳಗೆ ನಿಂತ ಹಾಗೆ ಆಗ್ತದೆ ಅಂದವಳು. ಕಳೆದ ತಿಂಗಳು ಮೆಸೇಜು ಮಾಡಿದ್ದಳು. ಬುಧವಾರ ಬಂತು ಅಂದರೆ ಈಗಲೂ ಹಾಲ್ ನೆನಪಾಗ್ತದೆ ಆಂಟಿ, ಈಗಿನ ಮಕ್ಕಳು ನಮ್ಮ ಹಾಗೆ ಇಲ್ಲವಂತೆ, ಕೇರಂ ಬೋರ್ಡನ್ನು ಎತ್ತಿ ಮೂಲೆಗೆ ಇಟ್ಟಿದ್ದಾರಂತೆ, ಹೌದಾ, ನೀವಾದರೂ ಹೇಳಬಾರದಾ ಅಂತ.

23 ವರ್ಷ ಅವಳಿಗೆ.

ಹೌದು, ಇಟ್ಟಿದ್ದಾರೆ. ಬೋರ್ಡಿನ ಮೇಲೆ ಅವರ ಬ್ಯಾಗುಗಳು ಇರುತ್ತವೆ. ಮೆಸೇಜಿಗೆ ನಾನಿನ್ನೂ ಉತ್ತರ ಬರೆದಿಲ್ಲ.